ಮಾಲೆ ಹಾಕಿದಾಗ ಕುಡಿಯದ ಅಣ್ಣ, ಮಾಲೆ ತೆಗೆದ ಮೇಲೆ ಯಾಕೆ ಕುಡಿಯುತ್ತಾನೆ? (ಭಕ್ತಿ ಮತ್ತು ಚಟ ಬಿಡುವುದರ ಬಗ್ಗೆ)

ತುಂಗಾತೀರ

ಎಲ್ಲರಿಗೂ ನಮಸ್ಕಾರ. ನಮ್ಮದು ಶಿವಮೊಗ್ಗ ಕಡೆ. ಅಣ್ಣ ಗೂಡ್ಸ್ ಗಾಡಿ ಓಡಿಸುತ್ತಾನೆ, ವಯಸ್ಸು ನಲವತ್ತು ದಾಟಿದೆ. ಕುಡಿತ ಮೊದಲು ಸಂಜೆಗೆ ಮಾತ್ರ ಇತ್ತು. ಈಗ ಬೆಳಿಗ್ಗೆ ಎದ್ದು ಮುಖ ತೊಳೆಯುವ ಮೊದಲೇ ಬೇಕು. ಆದರೆ ಪ್ರತಿ ವರ್ಷ ಅಯ್ಯಪ್ಪ ಮಾಲೆ ಹಾಕುತ್ತಾನೆ. ಆ 41 ದಿನ ಒಂದು ತೊಟ್ಟೂ ಮುಟ್ಟುವುದಿಲ್ಲ. ನಸುಕಿನಲ್ಲಿ ತಣ್ಣೀರು ಸ್ನಾನ, ಎರಡು ಹೊತ್ತು ಪೂಜೆ, ಚಾಪೆ ಮೇಲೆ ನಿದ್ದೆ. ಮಕ್ಕಳ ಜೊತೆ ಕೂತು ಮಾತಾಡುತ್ತಾನೆ. ಶಬರಿಮಲೆಯಿಂದ ಬಂದು ಮಾಲೆ ತೆಗೆದರೆ ವಾರದೊಳಗೆ ಮತ್ತೆ ಅದೇ ಕಥೆ.

ಈಗ ಮನೆಯಲ್ಲಿ ಒಬ್ಬೊಬ್ಬರದು ಒಂದೊಂದು ಮಾತು. ಧರ್ಮಸ್ಥಳಕ್ಕೆ ಕರೆದುಕೊಂಡು ಹೋಗಿ ಮಂಜುನಾಥನ ಮುಂದೆ ಆಣೆ ಮಾಡಿಸೋಣ ಎಂದು ಅಮ್ಮ. ಆಸ್ಪತ್ರೆಗೆ ಸೇರಿಸಬೇಕು ಎಂದು ಅತ್ತಿಗೆ. ಎಲ್ಲೋ ಒಂದು ಕಡೆ ಪ್ರಾರ್ಥನೆಯಿಂದಲೇ ಬಿಡಿಸುತ್ತಾರಂತೆ, ಮೂರು ತಿಂಗಳು ಅಲ್ಲೇ ಇಟ್ಟುಕೊಳ್ಳುತ್ತಾರಂತೆ ಎಂದು ಚಿಕ್ಕಪ್ಪ ವಿಳಾಸ ತಂದಿದ್ದಾರೆ. ಅಣ್ಣನನ್ನು ಕೇಳಿದರೆ "ದೇವರು ಯಾವಾಗ ಬಿಡಿಸುತ್ತಾನೋ ಆಗ ಬಿಡುತ್ತೇನೆ" ಅನ್ನುತ್ತಾನೆ.

ನನಗೂ ದೇವರಲ್ಲಿ ನಂಬಿಕೆ ಇದೆ. ಆದರೆ ಆ ನಂಬಿಕೆ 41 ದಿನ ಕೆಲಸ ಮಾಡಿ ಆಮೇಲೆ ಯಾಕೆ ನಿಂತುಹೋಗುತ್ತದೆ? ಭಕ್ತಿಯ ದಾರಿಯಲ್ಲಿ ಕುಡಿತ ಬಿಟ್ಟು, ಹಾಗೇ ಉಳಿದವರು ಇಲ್ಲಿ ಯಾರಾದರೂ ಇದ್ದರೆ ದಯವಿಟ್ಟು ಬರೆಯಿರಿ.

ಗುರುಸ್ವಾಮಿ_ಹೊಸಪೇಟೆ

ಸ್ವಾಮಿ ಶರಣಂ. ತಂಗಿ, ನಿಮ್ಮ ಅಣ್ಣನಂಥವರನ್ನು ನಮ್ಮ ಗುಂಪಿನಲ್ಲಿ ಪ್ರತಿ ವರ್ಷ ನೋಡುತ್ತೇನೆ. ಆ ದಿನಗಳಲ್ಲಿ ಅವರ ಸುತ್ತ ಏನೇನು ಬದಲಾಗುತ್ತದೆ ಎಂದು ಸ್ವಲ್ಪ ಗಮನಿಸಿ.

ಊರೆಲ್ಲ ಅವರನ್ನು "ಸ್ವಾಮಿ" ಎಂದು ಕರೆಯುತ್ತದೆ. ನಿನ್ನೆವರೆಗೆ "ಏನೋ, ಬಾರೋ" ಅನ್ನುತ್ತಿದ್ದವರು "ಬನ್ನಿ ಸ್ವಾಮಿ, ಕೂತ್ಕೊಳ್ಳಿ" ಅನ್ನುತ್ತಾರೆ. ಕಪ್ಪು ಬಟ್ಟೆ ನೋಡಿದ ಮೇಲೆ ಕುಡಿಯುವ ಗೆಳೆಯರು ಕರೆಯುವುದಿಲ್ಲ. ಸಂಜೆ ಆದರೆ ಸನ್ನಿಧಿಗೆ ಬರಬೇಕು. ಭಜನೆ, ಶರಣು ಕೂಗುವುದು, ಪ್ರಸಾದ, ಬೇಗ ಮಲಗುವುದು. ಮೊದಲು ಕುಡಿಯಲು ಹೋಗುತ್ತಿದ್ದ ಹೊತ್ತು ಖಾಲಿಯೇ ಇರುವುದಿಲ್ಲ. ಒಬ್ಬರು ಒಂದು ದಿನ ಬರದಿದ್ದರೆ ಉಳಿದ ಸ್ವಾಮಿಗಳು ಫೋನ್ ಮಾಡುತ್ತಾರೆ, ಮನೆಗೂ ಹೋಗಿ ಬರುತ್ತಾರೆ.

ಮಾಲೆ ತೆಗೆದ ದಿನ ಇದೆಲ್ಲ ಒಟ್ಟಿಗೆ ಹೋಗುತ್ತದೆ. ಹೆಸರು ಹೋಗುತ್ತದೆ, ಗುಂಪು ಹೋಗುತ್ತದೆ, ಸಂಜೆ ಖಾಲಿ ಆಗುತ್ತದೆ. ಅಯ್ಯಪ್ಪ ಕೈಬಿಟ್ಟ ಎಂದು ನಾನು ಒಪ್ಪುವುದಿಲ್ಲ. ಜೊತೆಗಿದ್ದ ಮನುಷ್ಯರು ಅವರವರ ಮನೆಗೆ ಹೋಗಿರುತ್ತಾರೆ, ಅಷ್ಟೇ. ಅದಕ್ಕೇ ನಾವೀಗ ಶನಿವಾರದ ಭಜನೆಯನ್ನು ವರ್ಷವಿಡೀ ನಡೆಸುತ್ತೇವೆ. ಬಿಡಬೇಕು ಎಂದು ಮನಸ್ಸಿರುವವರು ಬಂದೇ ಬರುತ್ತಾರೆ. ಬರುವವರಲ್ಲಿ ಕೆಲವರು ಉಳಿದಿದ್ದಾರೆ. ಎಲ್ಲರೂ ಅಂತ ಹೇಳುವುದಿಲ್ಲ.

ವಾರ್ಡ್_ಸಿಸ್ಟರ್

ನಾನು ಮನೋವೈದ್ಯ ವಿಭಾಗದಲ್ಲಿ ನರ್ಸ್. ಇದನ್ನು ಎಲ್ಲಕ್ಕಿಂತ ಮೊದಲು ಓದಿ.

ಬೆಳಿಗ್ಗೆ ಎದ್ದ ಕೂಡಲೇ ಬೇಕು ಅನ್ನುವ ಹಂತಕ್ಕೆ ಬಂದವರು ಒಮ್ಮೆಲೇ ನಿಲ್ಲಿಸಿದರೆ ಅಪಾಯ ಇದೆ. ಕೊನೆಯ ಸಲ ಕುಡಿದ 6ರಿಂದ 48 ಗಂಟೆಯೊಳಗೆ ಫಿಟ್ಸ್ ಬರಬಹುದು. ಎರಡನೇ ದಿನದಿಂದ ನಾಲ್ಕನೇ ದಿನದ ಹೊತ್ತಿಗೆ ಕೆಲವರಿಗೆ ಡೆಲಿರಿಯಮ್ ಆಗುತ್ತದೆ. ಗೋಡೆ ಮೇಲೆ ಹುಳ ಹರಿದ ಹಾಗೆ ಕಾಣುತ್ತದೆ, ಯಾರೋ ಕರೆದ ಹಾಗೆ ಕೇಳುತ್ತದೆ. ಮೈಯೆಲ್ಲ ಬೆವರು, ಜ್ವರ, ನಡುಕ. ತಾನು ಎಲ್ಲಿದ್ದೇನೆ ಎಂಬುದೇ ತಿಳಿಯುವುದಿಲ್ಲ. ಚಿಕಿತ್ಸೆ ಸಿಗದಿದ್ದರೆ ಪ್ರಾಣವೇ ಹೋಗಬಹುದು. ಮನೆಯವರು ಗಾಳಿ ಸೋಕಿದೆ ಎಂದೋ, ಮೈಮೇಲೆ ದೇವರು ಬಂದಿದೆ ಎಂದೋ ತಿಳಿದು ಒಂದು ದಿನ ತಡ ಮಾಡಿ ಕರೆತರುತ್ತಾರೆ. ಆ ಒಂದು ದಿನ ತುಂಬಾ ದುಬಾರಿ.

ಪ್ರತಿ ವರ್ಷ ಮಾಲೆ ಹಾಕಿದಾಗ ಏನೂ ಆಗಿಲ್ಲ, ಈ ಸಲವೂ ಆಗುವುದಿಲ್ಲ ಎಂದುಕೊಳ್ಳಬೇಡಿ. ಬಿಟ್ಟು ಹಿಡಿದು, ಬಿಟ್ಟು ಹಿಡಿದು ಮಾಡುವವರಿಗೆ ಈ ತೊಂದರೆ ಸಲದಿಂದ ಸಲಕ್ಕೆ ಜಾಸ್ತಿ ಆಗುವುದುಂಟು. ಮಾಲೆ ಹಾಕುವ ಮೊದಲು ವೈದ್ಯರನ್ನು ಕಾಣಲಿ. ಲೊರಾಜೆಪಾಮ್, ಕ್ಲೋರ್‌ಡಯಾಜೆಪಾಕ್ಸೈಡ್‌ನಂಥ ಮಾತ್ರೆ ಕೆಲವು ದಿನ ಕೊಟ್ಟು ಕಡಿಮೆ ಮಾಡುತ್ತಾ ನಿಲ್ಲಿಸುತ್ತಾರೆ. ಜೊತೆಗೆ ಥಯಾಮಿನ್, ಅಂದರೆ ಬಿ1 ವಿಟಮಿನ್. ಸುಸ್ತಾಗಿದೆ ಎಂದು ಬರೀ ಗ್ಲೂಕೋಸ್ ಹಾಕಿಸಿಕೊಂಡು ಬರಬೇಡಿ. ಬಿ1 ಇಲ್ಲದೆ ಗ್ಲೂಕೋಸ್ ಹೋದರೆ ಮಿದುಳಿಗೆ ಪೆಟ್ಟು ಬೀಳಬಹುದು.

ಗುರುಸ್ವಾಮಿಗಳೇ, ಮಾತ್ರೆ ನುಂಗಿದರೆ ವ್ರತ ಕೆಡುತ್ತದೆ ಎಂದು ಬಿಟ್ಟುಬಿಡುವವರನ್ನು ನಾವು ನೋಡುತ್ತೇವೆ. ನೀವೇ ಒಂದು ಮಾತು ಹೇಳಿದರೆ ಅದಕ್ಕೆ ಬೆಲೆ ಜಾಸ್ತಿ.

ಗುರುಸ್ವಾಮಿ_ಹೊಸಪೇಟೆ

ಸಿಸ್ಟರ್, ಔಷಧಿಗೆ ವ್ರತದಲ್ಲಿ ಅಡ್ಡಿಯೇ ಇಲ್ಲ. ಬಿಪಿ, ಶುಗರ್ ಮಾತ್ರೆ ತೆಗೆದುಕೊಂಡೇ ಎಷ್ಟೋ ಸ್ವಾಮಿಗಳು ಮಲೆ ಹತ್ತುತ್ತಾರೆ. ಇದೂ ಹಾಗೆಯೇ. ಡಾಕ್ಟರ್ ಚೀಟಿ ತಂದವರಿಗೇ ನಾನು ಮೊದಲು ಮಾಲೆ ಹಾಕುತ್ತೇನೆ. ಯಾರಾದರೂ ಬೇಡ ಅಂದರೆ ನನ್ನ ಈ ಮಾತು ತೋರಿಸಿ.

ವಿಚಾರ_ಮಂಡ್ಯ

ನಾನು ದೇವರನ್ನು ನಂಬುವವನಲ್ಲ. ಕುಡಿತ ಬಿಟ್ಟಿದ್ದೇನೆ. ಕುಡಿಯುವ ಆಸೆ ತಗ್ಗಿಸಲು ಡಾಕ್ಟರ್ ಕೊಟ್ಟ ನಾಲ್ಟ್ರೆಕ್ಸೋನ್ ಮಾತ್ರೆ, ಹೆಂಡತಿ, ಆಮೇಲೆ ಸಂಜೆ ಹೊತ್ತು ರೈತ ಸಂಘದ ಕೆಲಸ. ಇಷ್ಟೇ ನನ್ನ ಬಂಡವಾಳ. ಹಾಗಾಗಿ ದೇವರಿಲ್ಲದೆ ಆಗುವುದಿಲ್ಲ ಅನ್ನುವ ಮಾತನ್ನು ಒಪ್ಪಲಾರೆ.

ನನ್ನ ಆಕ್ಷೇಪ ಒಂದೇ. ಬಿಟ್ಟರೆ ದೇವರ ಮಹಿಮೆ, ಬಿಡದಿದ್ದರೆ ಅವನಿಗೆ ಭಕ್ತಿ ಸಾಲದು ಅನ್ನುತ್ತಾರೆ. ಎರಡೂ ಕಡೆ ಆ ಮನುಷ್ಯನಿಗೆ ಅನ್ಯಾಯ. ಗೆದ್ದಾಗ ಅವನ ಶ್ರಮ ಲೆಕ್ಕಕ್ಕಿಲ್ಲ, ಸೋತಾಗ ಪೂರ್ತಿ ತಪ್ಪು ಅವನದೇ. ಇದು ಕಾಯಿಲೆ ಎಂದ ಮೇಲೆ ಕಾಯಿಲೆಯ ಹಾಗೇ ನೋಡಬೇಕು, ಅಲ್ವಾ? ಟಿಬಿ ಬಂದವನಿಗೆ ಭಕ್ತಿ ಸಾಲದು ಎಂದು ಯಾರೂ ಹೇಳುವುದಿಲ್ಲ.

"ದೇವರು ಬಿಡಿಸಿದಾಗ ಬಿಡುತ್ತೇನೆ" ಅನ್ನುವ ಮಾತಿಗೂ ಇದೇ ಬೇರು. ನಂಬಿಕೆ ಅಲ್ಲಿ ಕಾಯುವುದಕ್ಕೆ ನೆಪ ಆಗಿದೆ.

ಒಬ್ಬ_ಸದಸ್ಯ_ಬೆಂಗಳೂರು

ನಾನು ಆಲ್ಕೊಹಾಲಿಕ್ಸ್ ಅನಾನಿಮಸ್ (ಎಎ) ಸದಸ್ಯ. ಕುಡಿತ ಬಿಡಲು ಒಬ್ಬರಿಗೊಬ್ಬರು ನೆರವಾಗುವವರ ಗುಂಪು ಇದು. ನಮ್ಮಲ್ಲಿ ಹೆಸರು ಹೇಳುವ ಪದ್ಧತಿ ಇಲ್ಲ, ಹಾಗಾಗಿ ಇಷ್ಟೇ ಪರಿಚಯ. ಎಎ ಪರವಾಗಿ ಮಾತಾಡುತ್ತಿಲ್ಲ, ನನ್ನ ಅನುಭವ ಮಾತ್ರ.

ಮಂಡ್ಯದ ಸರ್ ಮಾತಿನಲ್ಲಿ ಹುರುಳಿದೆ. ಈ ಜಗಳ ಎಎ ಹುಟ್ಟಿದಾಗಿನಿಂದಲೂ ಇದೆ. 1935ರಲ್ಲಿ ಅಮೆರಿಕದ ಅಕ್ರನ್ ಊರಿನಲ್ಲಿ ಬಿಲ್ ವಿಲ್ಸನ್ ಎಂಬ ಷೇರು ವ್ಯವಹಾರದವರೂ ಬಾಬ್ ಸ್ಮಿತ್ ಎಂಬ ಡಾಕ್ಟರೂ ಸೇರಿ ಇದನ್ನು ಶುರು ಮಾಡಿದರು. ಇಬ್ಬರೂ ಕುಡಿತದಿಂದ ಒದ್ದಾಡಿದವರು, ಇಬ್ಬರೂ ಆಕ್ಸ್‌ಫರ್ಡ್ ಗ್ರೂಪ್ ಎಂಬ ಕ್ರೈಸ್ತ ಚಳವಳಿಯ ನಂಟಿದ್ದವರು. ಕುಡಿತ ಬಿಡಲು ಎಎ ಹೇಳುವ ದಾರಿಯಾದ ಹನ್ನೆರಡು ಹೆಜ್ಜೆಗಳನ್ನು ಬರೆಯುವಾಗ ಗುಂಪಿನಲ್ಲಿದ್ದ ನಂಬದವರು ಪಟ್ಟು ಹಿಡಿದರು. ಅದಕ್ಕೇ "ನಾವು ಅರಿತುಕೊಂಡ ಹಾಗಿನ ದೇವರು" ಎಂಬ ಮಾತು ಸೇರಿತು. 1939ರಲ್ಲಿ ಬಂದ ಪುಸ್ತಕದಲ್ಲೂ ಅದು ಹಾಗೇ ಇದೆ. ಯಾವ ದೇವರು ಎಂದು ನಮ್ಮ ಮೀಟಿಂಗಿನಲ್ಲಿ ಯಾರೂ ಕೇಳುವುದಿಲ್ಲ. ನಮ್ಮ ಗುಂಪಿನಲ್ಲಿ ರಾಯರ ಭಕ್ತರಿದ್ದಾರೆ, ಚರ್ಚಿಗೆ ಹೋಗುವವರಿದ್ದಾರೆ. ಈ ಕೋಣೆಯಲ್ಲಿ ಕೂತಿರುವ ಜನರೇ ನನಗಿಂತ ದೊಡ್ಡ ಶಕ್ತಿ ಅನ್ನುವವರೂ ಇದ್ದಾರೆ.

ಮೊದಲ ಹೆಜ್ಜೆ ಏನು ಗೊತ್ತಾ? ಕುಡಿತದ ಮುಂದೆ ನನ್ನ ಕೈಲಿ ಆಗುವುದಿಲ್ಲ ಎಂದು ಒಪ್ಪಿಕೊಳ್ಳುವುದು. ಕುಡಿಯುವವನು ದಿನಾ ತನ್ನ ಮನೋಬಲದ ಮೇಲೆ ಪ್ರತಿಜ್ಞೆ ಮಾಡುತ್ತಾನೆ, ದಿನಾ ಸೋಲುತ್ತಾನೆ. "ನಾನೊಬ್ಬನೇ ಮಾಡಬೇಕಾಗಿಲ್ಲ" ಎಂದು ಅನ್ನಿಸಿದ ದಿನ ನನ್ನ ಎದೆ ಮೇಲಿನ ಭಾರ ಇಳಿಯಿತು. ಭಕ್ತಿ ಇದ್ದವರಿಗೆ ಈ ಶರಣಾಗತಿ ಹೊಸದಲ್ಲ. ಚಿಕ್ಕಂದಿನಿಂದ ಕೈಮುಗಿದು ಅಭ್ಯಾಸ ಇರುತ್ತದೆ.

ಆದರೆ ಶರಣಾಗತಿ ಅಂದರೆ ಸುಮ್ನೆ ಕೂರುವುದಲ್ಲ. ಆಮೇಲಿನ ಹೆಜ್ಜೆಗಳೆಲ್ಲ ಕೆಲಸವೇ. ಯಾರಿಗೆ ನೋವು ಕೊಟ್ಟಿದ್ದೇನೆ ಎಂದು ಪಟ್ಟಿ ಮಾಡಬೇಕು, ಅವರ ಬಳಿ ಹೋಗಿ ಸರಿಪಡಿಸಬೇಕು, ಹೊಸದಾಗಿ ಬಂದವನ ಜೊತೆ ಕೂರಬೇಕು. ತಂಗಿ, ನಿಮ್ಮ ಅಣ್ಣನಿಗೆ ಇದನ್ನು ಹೇಳಿ: ದೇವರು ಬಿಡಿಸುತ್ತಾನೆ ಎಂದು ನಂಬುವವನು ಇವತ್ತು ಒಂದು ಹೆಜ್ಜೆ ಇಡಲೇಬೇಕು.

ಅಂಕಿಅಂಶ_ಧಾರವಾಡ

ನಂಬಿಕೆ, ಅಪನಂಬಿಕೆ ಎರಡನ್ನೂ ಬದಿಗಿಟ್ಟು ಒಂದು ಮಾಹಿತಿ. 2020ರಲ್ಲಿ, ವೈದ್ಯಕೀಯ ಅಧ್ಯಯನಗಳನ್ನು ಒಟ್ಟುಮಾಡಿ ಪರಿಶೀಲಿಸುವ ಕಾಕ್ರೇನ್ ಸಂಸ್ಥೆಯ ವಿಮರ್ಶೆ ಬಂತು. 27 ಅಧ್ಯಯನಗಳನ್ನು, 10,000ಕ್ಕೂ ಜಾಸ್ತಿ ಜನರ ಮಾಹಿತಿಯನ್ನು ಒಟ್ಟಿಗೆ ನೋಡಿದ್ದರು. ಎಎ ಕಡೆಗೆ ಕ್ರಮವಾಗಿ ಜೋಡಿಸುವ ಚಿಕಿತ್ಸೆ ಪಡೆದವರಲ್ಲಿ ಒಂದು ವರ್ಷದ ನಂತರ ಪೂರ್ತಿ ಬಿಟ್ಟು ಉಳಿದವರು ಸುಮಾರು 42%. ಬೇರೆ ಮನೋಚಿಕಿತ್ಸೆಗಳಲ್ಲಿ ಸುಮಾರು 35%. ದೊಡ್ಡ ಪವಾಡ ಅಲ್ಲ, ಆದರೆ ಗಮನಿಸಲೇಬೇಕಾದ ವ್ಯತ್ಯಾಸ. ಎರಡು ಕಡೆಯೂ ಅರ್ಧಕ್ಕಿಂತ ಜಾಸ್ತಿ ಜನ ಮತ್ತೆ ಕುಡಿದಿದ್ದಾರೆ ಎಂಬುದನ್ನೂ ನೋಡಿ.

ಇದು ಯಾಕೆ ಕೆಲಸ ಮಾಡುತ್ತದೆ ಎಂದು ಹುಡುಕಿದ ಸಂಶೋಧಕರಿಗೆ ಮುಖ್ಯವಾಗಿ ಕಂಡದ್ದು ಒಡನಾಟದ ಬದಲಾವಣೆ. ಕುಡಿಯುವ ಗೆಳೆಯರು ಕಡಿಮೆಯಾಗಿ, ಬಿಟ್ಟವರ ಬಳಗ ಬೆಳೆಯುತ್ತದೆ. ತುಂಬಾ ಗಂಭೀರವಾಗಿ ಕುಡಿಯುತ್ತಿದ್ದವರಲ್ಲಿ ಮಾತ್ರ ಆಧ್ಯಾತ್ಮಿಕತೆಯ ಪಾಲೂ ಬೇರೆಯಾಗಿ ಕಾಣಿಸಿತು. ಗುರುಸ್ವಾಮಿಗಳು ಮೇಲೆ ಹೇಳಿದ್ದು ಇದೇ ಅಲ್ವಾ?

ವಿಚಾರ_ಮಂಡ್ಯ

ಈ ಲೆಕ್ಕ ನನಗೆ ಒಪ್ಪಿಗೆ. ಬಳಗ ಬೇಕು, ಅದು ಭಜನಾ ಮಂಡಳಿ ಆದರೂ ಸರಿ, ರೈತ ಸಂಘ ಆದರೂ ಸರಿ. ಒತ್ತಾಯ ಮಾತ್ರ ಬೇಡ. 1996ರಲ್ಲಿ ನ್ಯೂಯಾರ್ಕ್ ರಾಜ್ಯದ ಅತ್ಯುನ್ನತ ನ್ಯಾಯಾಲಯಕ್ಕೆ ಹೀಗೇ ಒಂದು ಕೇಸು ಬಂದಿತ್ತು. ದೇವರನ್ನು ನಂಬದ ಕೈದಿಯೊಬ್ಬ. ಹನ್ನೆರಡು ಹೆಜ್ಜೆಗಳ ಕಾರ್ಯಕ್ರಮಕ್ಕೆ ಬಂದರೆ ಮಾತ್ರ ಮನೆಯವರ ಜೊತೆ ಇರುವ ಸೌಲಭ್ಯ ಎಂದು ಜೈಲಿನವರು ಷರತ್ತು ಹಾಕಿದ್ದರು. ಹಾಗೆ ಮಾಡುವಂತಿಲ್ಲ ಎಂದು ಕೋರ್ಟ್ ಹೇಳಿತು. ನಮ್ಮ ಮನೆಗಳಲ್ಲೂ ಈ ತಿಳಿವಳಿಕೆ ಇದ್ದರೆ ಒಳ್ಳೆಯದು.

ನೇತ್ರಾವತಿ_ಅಕ್ಕ

ನಾನು ಬೆಳ್ತಂಗಡಿ ತಾಲೂಕಿನವಳು. ನನ್ನ ಗಂಡ ಮದ್ಯವರ್ಜನ ಶಿಬಿರದಲ್ಲಿ ಬಿಟ್ಟವರು. ನಮ್ಮ ಕಡೆ ಇಂಥವರನ್ನು ನವಜೀವನ ಸದಸ್ಯರು ಅನ್ನುತ್ತಾರೆ.

ತಂಗಿ, ನಿಮ್ಮ ತಾಯಿ ಧರ್ಮಸ್ಥಳದ ಆಣೆ ಎಂದಿದ್ದಾರೆ. ಧರ್ಮಸ್ಥಳದ ಹೆಸರಿನಲ್ಲೇ ಆಣೆಗಿಂತ ಗಟ್ಟಿಯಾದ ದಾರಿ ಇದೆ. ಕ್ಷೇತ್ರದ ಗ್ರಾಮಾಭಿವೃದ್ಧಿ ಯೋಜನೆ 1982ರಲ್ಲಿ ವೀರೇಂದ್ರ ಹೆಗ್ಗಡೆಯವರು ಶುರು ಮಾಡಿದ್ದು. ಆ ಯೋಜನೆ ಮತ್ತು ಜನಜಾಗೃತಿ ವೇದಿಕೆ ಸೇರಿ ಊರೂರಲ್ಲಿ ಈ ಶಿಬಿರ ಮಾಡುತ್ತವೆ. ಎಂಟು ದಿನ. ಊರಿನ ಸಭಾಭವನದಲ್ಲೋ ದೇವಸ್ಥಾನದ ಹಾಲ್‌ನಲ್ಲೋ ಎಲ್ಲರೂ ಒಟ್ಟಿಗೆ ಉಳಿಯುತ್ತಾರೆ. ಊರಿನವರೇ ಸಮಿತಿ ಮಾಡಿ ಅಕ್ಕಿ, ತೆಂಗಿನಕಾಯಿ, ತರಕಾರಿ ತಂದುಕೊಡುತ್ತಾರೆ. ವ್ಯಾಯಾಮ, ಯೋಗ, ಭಜನೆ, ಆಪ್ತ ಸಲಹೆ, ಮೊದಲೇ ಬಿಟ್ಟವರ ಮಾತು. ಮನೆಯವರನ್ನೂ ಕರೆಸುತ್ತಾರೆ.

ನನ್ನ ಗಂಡನಿಗೆ ಭಜನೆ ಹೊಸದೇನಲ್ಲ, ಮನೆಯಲ್ಲೂ ನಡೆಯುತ್ತಿತ್ತು. ಊರಿನವರು ತನಗೋಸ್ಕರ ಅಡುಗೆ ಮಾಡಿ ಬಡಿಸಿದ್ದು ಅವರನ್ನು ಅಲುಗಾಡಿಸಿತು. ಯಾರ ಅಂಗಳದಲ್ಲಿ ಕುಡಿದು ಗಲಾಟೆ ಮಾಡಿದ್ದರೋ ಅವರೇ ತಟ್ಟೆಗೆ ಅನ್ನ ಹಾಕಿದ್ದರು. ಅದನ್ನು ಹೇಳುವಾಗ ಇವತ್ತಿಗೂ ಅವರ ಗಂಟಲು ಕಟ್ಟುತ್ತದೆ.

ಶಿಬಿರ ಮುಗಿದ ಮೇಲೆ ನವಜೀವನ ಸಮಿತಿ ಇದೆ, ಬಿಟ್ಟವರು ಅಲ್ಲಿ ಸೇರುತ್ತಾರೆ. ನೂರು ದಿನ ತುಂಬಿದಾಗ ಶತದಿನೋತ್ಸವ ಮಾಡುತ್ತಾರೆ. ನಮ್ಮ ಜೊತೆಗಿದ್ದವರಲ್ಲಿ ಸಮಿತಿಗೆ ಬರುವುದನ್ನು ಬಿಟ್ಟವರು ಹೆಚ್ಚಾಗಿ ವಾಪಸ್ ಕುಡಿತಕ್ಕೆ ಹೋದರು. ಇದು ನಾನು ಕಣ್ಣಾರೆ ಕಂಡದ್ದು.

ಇನ್ನೊಂದು ಮಾತು, ಹೆಣ್ಣುಮಕ್ಕಳಿಗಾಗಿ. "ನೀನು ಸೋಮವಾರ ಉಪವಾಸ ಮಾಡು, ನಿನ್ನ ಗಂಡ ಸರಿಹೋಗುತ್ತಾನೆ" ಎಂದು ನನಗೆ ಹೇಳದವರಿಲ್ಲ. ಅಂದರೆ ಅವರು ಕುಡಿದರೆ ನನ್ನ ವ್ರತದಲ್ಲಿ ಕೊರತೆ ಎಂದಾಯಿತು! ಇದನ್ನು ಯಾವ ಹೆಂಗಸಿಗೂ ಹೇಳಬೇಡಿ. ನನ್ನ ಪ್ರಾರ್ಥನೆ ನನ್ನ ಜೀವಕ್ಕೆ ಧೈರ್ಯ ಕೊಟ್ಟಿತು, ಅದು ನಿಜ. ಅವರ ಕುಡಿತಕ್ಕೆ ನಾನು ಜವಾಬ್ದಾರಳಲ್ಲ.

ತುಂಗಾತೀರ

ಅಕ್ಕ, ಕೊನೆಯ ಮಾತನ್ನು ಅತ್ತಿಗೆಗೆ ಓದಿ ಹೇಳಿದೆ. ಅವರು ಅತ್ತುಬಿಟ್ಟರು.

ಆಣೆ ಬಗ್ಗೆ ಇನ್ನೂ ಕೇಳಬೇಕು. ಅಮ್ಮನಿಗೆ ಅದರ ಮೇಲೆಯೇ ಭರವಸೆ. ಮಂಜುನಾಥನ ಆಣೆ ಮುರಿದರೆ ಉಳಿಗಾಲ ಇಲ್ಲ ಎಂಬ ಭಯ ನಮ್ಮ ಕಡೆ ತುಂಬಾ ಇದೆ. ಆ ಭಯವೇ ಅಣ್ಣನನ್ನು ತಡೆಯುವುದಿಲ್ಲವೇ?

ವಾರ್ಡ್_ಸಿಸ್ಟರ್

ಕೆಲವರನ್ನು ತಡೆಯುತ್ತದೆ. ಆದರೆ ಇನ್ನೊಂದು ಮುಖವನ್ನು ನಾವು ವಾರ್ಡಿನಲ್ಲಿ ನೋಡುತ್ತೇವೆ. ಆಣೆ ಮಾಡಿದವನು ಯಾವುದೋ ಮದುವೆಯಲ್ಲಿ ಒಂದು ಗ್ಲಾಸ್ ಕುಡಿದ ಎಂದಿಟ್ಟುಕೊಳ್ಳಿ. ಆಣೆ ಇಲ್ಲದವನಿಗೆ ಅದು ಒಂದು ಜಾರಿಕೆ, ಮರುದಿನ ಮತ್ತೆ ಎದ್ದು ನಿಲ್ಲಬಹುದು. ಆಣೆ ಮಾಡಿದವನಿಗೆ "ಪಾಪ ಆಗಿಯೇ ಹೋಯಿತು, ಇನ್ನೇನಿದೆ" ಅನ್ನಿಸುತ್ತದೆ. ಒಂದು ಗ್ಲಾಸು ಹದಿನೈದು ದಿನದ ಕುಡಿತ ಆಗುತ್ತದೆ. ದೇವರ ಭಯಕ್ಕೆ ಯಾರಿಗೂ ಹೇಳುವುದೂ ಇಲ್ಲ. ಮನೆಗೆ ಏನಾದರೂ ಕೆಟ್ಟದ್ದಾದರೆ, ಮಗುವಿಗೆ ಜ್ವರ ಬಂದರೂ ತನ್ನಿಂದಲೇ ಎಂದು ಕೊರಗುತ್ತಾನೆ. ಆ ಕೊರಗಿಗೆ ಮತ್ತೆ ಕುಡಿಯುತ್ತಾನೆ.

ಜಾರಿಕೆ ಈ ಕಾಯಿಲೆಯಲ್ಲಿ ಆಗುವಂಥದ್ದೇ. ಜಾರಿದ ದಿನ ಧೈರ್ಯವಾಗಿ ಹೇಳಿಕೊಳ್ಳಲು ಜಾಗ ಬೇಕು. ಆಣೆ ಆ ಜಾಗವನ್ನು ಮುಚ್ಚಬಾರದು.

ಗುರುಸ್ವಾಮಿ_ಹೊಸಪೇಟೆ

ಸಿಸ್ಟರ್ ಮಾತು ಸರಿ. ತಾಯಿಯ ಮನಸ್ಸಿಗೂ ನೋವಾಗಬಾರದಲ್ಲ, ಅವರಿಗೆ ಹೀಗೆ ಹೇಳಿ ನೋಡಿ: ಆಣೆ ಬೇಡ, ಹರಕೆ ಹೇಳಿಕೊಳ್ಳಲಿ. ಅಣ್ಣ ಚೆನ್ನಾಗಿ ಆದರೆ ಬಂದು ಸೇವೆ ಮಾಡುತ್ತೇವೆ ಎಂದು. ಹರಕೆಯಲ್ಲಿ ಆಸೆ ಇರುತ್ತದೆ, ಶಾಪದ ಭಯ ಇರುವುದಿಲ್ಲ.

ಇಳಕಲ್ಲಿನ_ಮಗ

ನಮ್ಮ ಕಡೆಯ ಒಂದು ವಿಷಯ ಹೇಳಲೇಬೇಕು. ಇಳಕಲ್ಲಿನ ಚಿತ್ತರಗಿ ಸಂಸ್ಥಾನ ಮಠದ ಡಾ. ಮಹಾಂತ ಶಿವಯೋಗಿಗಳು 1975ರಿಂದ ಜೋಳಿಗೆ ಹಿಡಿದು ಊರೂರು ತಿರುಗಿದರು. ಭಿಕ್ಷೆಗೆ ಅವರು ಕೇಳುತ್ತಿದ್ದದ್ದು ಜನರ ಚಟಗಳನ್ನು. ನಿಮ್ಮ ಕುಡಿತ ಹಾಕಿ, ನಿಮ್ಮ ಗುಟ್ಕಾ ಹಾಕಿ, ನಿಮ್ಮ ಬೀಡಿ ಹಾಕಿ ಎಂದು. ಅವರು ಹುಟ್ಟಿದ ಆಗಸ್ಟ್ 1ನ್ನು ನಮ್ಮ ಸರ್ಕಾರ ವ್ಯಸನಮುಕ್ತ ದಿನ ಎಂದು ಆಚರಿಸುತ್ತದೆ. 2018ರಲ್ಲಿ ಲಿಂಗೈಕ್ಯರಾದರು.

ನಮ್ಮ ಅಜ್ಜ ಆ ಜೋಳಿಗೆಗೆ ತಂಬಾಕಿನ ಚೀಲ ಹಾಕಿದವರು. ಚಿಕ್ಕವನಿದ್ದಾಗ ನಾನು ಕೇಳಿದ್ದೆ, ಯಾಕೆ ಹಾಕಿದಿರಿ ಎಂದು. "ಸ್ವಾಮಿಗಳು ನನ್ನ ಮುಂದೆ ಬಂದು ಕೈಯೊಡ್ಡಿ ನಿಂತರಪ್ಪ, ಇಲ್ಲ ಅನ್ನೂದು ಹೆಂಗ?" ಅಂದರು. ಯಾವಾಗಲೂ ಮಠಕ್ಕೆ ಹೋಗಿ ಕೈಯೊಡ್ಡುವ ಜನ ಇವರು. ಮಠವೇ ಬಂದು ಇವರ ಮುಂದೆ ಬೇಡಿತು. ಕೊಡುವವನ ಸ್ಥಾನದಲ್ಲಿ ತಮ್ಮನ್ನು ನಿಲ್ಲಿಸಿದ್ದು ಅಜ್ಜನಿಗೆ ನಾಟಿತ್ತು. ಬೈಗುಳಕ್ಕೆ ಬಗ್ಗದ ಮನುಷ್ಯ ಮರ್ಯಾದೆಗೆ ಬಗ್ಗಿದರು.

ಕಡಲತಡಿ_ಪುತ್ತೂರು

ಒಂದು ಇಕ್ಕಟ್ಟಿನ ಪ್ರಶ್ನೆ. ನಮ್ಮ ತುಳುನಾಡಿನಲ್ಲಿ ಕೆಲವು ದೈವಗಳಿಗೆ ಕಳ್ಳು ಇಡುತ್ತೇವೆ. ಕೊರಗಜ್ಜನಿಗೆ ಕಳ್ಳು, ಚಕ್ಕುಲಿ, ವೀಳ್ಯದೆಲೆ ಇಡುವುದು ಎಲ್ಲರಿಗೂ ಗೊತ್ತು. ನನ್ನ ಭಾವ ಕುಡಿತ ಬಿಟ್ಟವರು, ಕೊರಗಜ್ಜನ ದೊಡ್ಡ ಭಕ್ತರು. ಅಜ್ಜನ ಪ್ರಸಾದ ಬೇಡ ಅನ್ನುವುದು ಹೇಗೆ ಎಂದು ಒದ್ದಾಡುತ್ತಾರೆ. ಒಂದು ತೊಟ್ಟು ಬಾಯಿಗೆ ಹೋದರೂ ಕಷ್ಟ ಎಂದು ಅವರಿಗೇ ಗೊತ್ತು. ಇಂಥ ಸಂದರ್ಭದಲ್ಲಿ ಬೇರೆಯವರು ಏನು ಮಾಡುತ್ತೀರಿ?

ಮಂಗಳೂರು_ಬಾಯಿ

ಇದು ನಮ್ಮ ಚರ್ಚಿನಲ್ಲೂ ಇದೆ. ಪೂಜೆಯಲ್ಲಿ ದ್ರಾಕ್ಷಾರಸ ಬಳಸುತ್ತೇವೆ. ಕುಡಿತ ಬಿಟ್ಟವರು ರೊಟ್ಟಿಯನ್ನು ಮಾತ್ರ ಸ್ವೀಕರಿಸಿದರೆ ಸಾಕು, ಅದರಲ್ಲೇ ಪೂರ್ತಿ ಪ್ರಸಾದ ಸಿಕ್ಕಿತು ಎಂದು ಕಥೋಲಿಕ ಸಭೆ ಒಪ್ಪುತ್ತದೆ. ಗುರುಗಳೇ ಚಟದಿಂದ ಹೊರಬಂದವರಾದರೆ ಬಿಷಪರ ಅನುಮತಿ ಪಡೆದು ಮಸ್ಟಮ್ ಬಳಸಬಹುದು. ಅದು ಹುಳಿ ಬರಲು ಬಿಡದೆ ತಡೆದ ದ್ರಾಕ್ಷಿ ರಸ, ಅಮಲು ಇಲ್ಲವೆನ್ನುವಷ್ಟು ಕಡಿಮೆ. ರೋಮ್ ಇಷ್ಟು ಬಗ್ಗಿದೆ ಎಂದಮೇಲೆ ಅಜ್ಜನೂ ಬಗ್ಗಿಯಾನು ಅಲ್ವಾ? ನಿಮ್ಮ ಭಾವ ಚಕ್ಕುಲಿ, ವೀಳ್ಯ ತೆಗೆದುಕೊಂಡು ಕೈಮುಗಿಯಲಿ. ಸ್ಥಾನದ ಹಿರಿಯರ ಬಳಿ ಮೊದಲೇ ಹೇಳಿ ಇಟ್ಟರೆ ಅವತ್ತು ಯಾರೂ ಬಲವಂತ ಮಾಡುವುದಿಲ್ಲ.

ನಮ್ಮಲ್ಲಿ ಕಷ್ಟ ಇರುವುದು ಪೂಜೆಯ ಹೊರಗೆ. ಮದುವೆ, ರೋಸ್ (ಮದುವೆಗೆ ಮುಂಚಿನ ಶಾಸ್ತ್ರ), ಕ್ರಿಸ್ಮಸ್, ಎಲ್ಲೂ ಗ್ಲಾಸ್ ಇಲ್ಲದೆ ಸಂಭ್ರಮ ಇಲ್ಲ. ಈಸ್ಟರ್‌ಗೆ ಮುಂಚಿನ ತಪಸ್ಸುಕಾಲದಲ್ಲಿ ಬಿಟ್ಟವರು ಪಾಸ್ಖ, ಅಂದರೆ ಈಸ್ಟರ್ ಹಬ್ಬದ ದಿನವೇ ಮತ್ತೆ ಶುರು ಮಾಡುತ್ತಾರೆ. ಮಾಲೆಯ ಕಥೆಯೇ ಇಲ್ಲೂ.

ಮೊಹಲ್ಲಾ_ಹುಬ್ಬಳ್ಳಿ

ನಮ್ಮಲ್ಲಿ ಕುಡಿತ ಹರಾಮ್. ಅದರಿಂದ ಎಷ್ಟೋ ಮನೆ ಉಳಿದಿವೆ, ಕುಡಿಯಲು ಶುರುವೇ ಮಾಡದವರು ಸಾವಿರಾರು. ಆದರೆ ಶುರು ಮಾಡಿಬಿಟ್ಟವನ ಗತಿ ಬೇರೆ. ಅವನು ಹೇಳಿಕೊಳ್ಳುವುದಕ್ಕೇ ಆಗುವುದಿಲ್ಲ. ನನ್ನ ತಮ್ಮನಿಗೆ ಮಾತ್ರೆಗಳ ಚಟ. ಖಾನ್ದಾನಿನ ಮಾನ ಹೋಗುತ್ತದೆ ಎಂದು ಮನೆಯವರು ಎರಡು ಬಾಗಿಲು ಹಾಕಿ ಮುಚ್ಚಿಟ್ಟರು. ನಮಾಜಿಗೂ ಹೋಗುತ್ತಿರಲಿಲ್ಲ. ನಾನು ನಾಪಾಕ್, ಯಾವ ಮುಖ ಇಟ್ಟುಕೊಂಡು ಹೋಗಲಿ ಅನ್ನುತ್ತಿದ್ದ.

ನಮ್ಮ ಮಸೀದಿಯ ಇಮಾಮ್ ಸಾಹೇಬರಿಗೆ ವಿಷಯ ಗೊತ್ತಾಗಿ ಅವರೇ ಮನೆಗೆ ಬಂದರು. ಒಂದು ಮಾತೂ ಬೈಯಲಿಲ್ಲ. ತೌಬಾದ (ಪಶ್ಚಾತ್ತಾಪದ) ಬಾಗಿಲು ಮುಚ್ಚಿಲ್ಲ ಬೇಟಾ, ಮೊದಲು ಡಾಕ್ಟರ್ ಹತ್ತಿರ ಹೋಗೋಣ ಎಂದರು. ಸರ್ಕಾರಿ ಆಸ್ಪತ್ರೆಗೆ ಜೊತೆಗೇ ಬಂದು ಚೀಟಿ ಮಾಡಿಸುವ ಸಾಲಿನಲ್ಲಿ ನಿಂತರು. ಇಮಾಮರೇ ನಿಂತಿದ್ದನ್ನು ನೋಡಿದ ಮೇಲೆ ಮೊಹಲ್ಲಾದ ಬಾಯಿ ತಾನಾಗೇ ಮುಚ್ಚಿತು. ಈಗ ತಮ್ಮ ಚಿಕಿತ್ಸೆಯಲ್ಲಿದ್ದಾನೆ, ಐದು ಹೊತ್ತು ಮಸೀದಿಗೂ ಹೋಗುತ್ತಾನೆ. ಧರ್ಮಗುರುಗಳು ಮನಸ್ಸು ಮಾಡಿದರೆ ಎಷ್ಟು ಮಾಡಬಹುದು ಎಂಬುದಕ್ಕೆ ಹೇಳಿದೆ.

ಭೀಮತೀರ_ಕಲಬುರಗಿ

ಜೈ ಭೀಮ್. ನಮ್ಮ ಮನೆಯಲ್ಲಿ ಕುಡಿತ ನಿಂತದ್ದು ಬೌದ್ಧ ದೀಕ್ಷೆಯಿಂದ. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬಾಬಾಸಾಹೇಬರು ಕೊಟ್ಟ 22 ಪ್ರತಿಜ್ಞೆಗಳಲ್ಲಿ ಮದ್ಯ ಮುಟ್ಟುವುದಿಲ್ಲ ಎಂಬುದೂ ಒಂದು. ಅಪ್ಪ ಅದನ್ನು ಶಿಕ್ಷೆಯ ಭಯದಿಂದ ಪಾಲಿಸಿದವರಲ್ಲ. ನಮ್ಮ ಜನ ತಲೆ ಎತ್ತಬೇಕಾದರೆ ಕುಡಿಯಬಾರದು ಎಂದು ಪಾಲಿಸಿದರು. ದೇವರ ಹೆಸರಿಲ್ಲದೆಯೂ ಧಮ್ಮದ ಬಲ ಇರುತ್ತದೆ ಎಂದು ಮಂಡ್ಯದ ಸರ್‌ಗೂ ಹೇಳುತ್ತೇನೆ.

ತುಂಗಾತೀರ

ಎಲ್ಲರಿಗೂ ಕೈಮುಗಿಯುತ್ತೇನೆ. ಚಿಕ್ಕಪ್ಪ ತಂದ ವಿಳಾಸಕ್ಕೆ ಫೋನ್ ಮಾಡಿದೆ. ಮೂರು ತಿಂಗಳು ಮನೆಯವರು ನೋಡುವಂತಿಲ್ಲವಂತೆ. ಡಾಕ್ಟರ್ ಇಲ್ಲವಂತೆ. ಗಲಾಟೆ ಮಾಡಿದರೆ "ಕಟ್ಟಿ ಹಾಕಿ ಪ್ರಾರ್ಥನೆ ಮಾಡುತ್ತೇವೆ" ಎಂದರು. ಚಿಕ್ಕಪ್ಪ ಈಗಲೂ ಅದೇ ಸರಿ ಅನ್ನುತ್ತಿದ್ದಾರೆ.

ವಾರ್ಡ್_ಸಿಸ್ಟರ್

ಕಳುಹಿಸಬೇಡಿ. 2001ರ ಆಗಸ್ಟ್ 6ರ ನಸುಕಿನಲ್ಲಿ ತಮಿಳುನಾಡಿನ ಏರ್ವಾಡಿಯಲ್ಲಿ ಏನಾಯಿತು ಎಂದು ನಿಮ್ಮ ಚಿಕ್ಕಪ್ಪನಿಗೆ ಹೇಳಿ. ದರ್ಗಾದ ಸುತ್ತ ಹರಕೆಗೆ ಬಂದ ಮಾನಸಿಕ ರೋಗಿಗಳನ್ನು ಇಟ್ಟುಕೊಳ್ಳುವ ಖಾಸಗಿ ಆಶ್ರಯಗಳಿದ್ದವು. ಒಂದಕ್ಕೆ ಬೆಂಕಿ ಬಿತ್ತು. ಸರಪಳಿ ಹಾಕಿದ್ದರಿಂದ ಓಡಲಾಗದೆ 28 ಜನ ಸತ್ತರು. ಅವರನ್ನು ಅಲ್ಲಿ ಬಿಟ್ಟುಬಂದ ಮನೆಯವರಿಗೂ ನಂಬಿಕೆ ಇತ್ತು.

2017ರ ಮಾನಸಿಕ ಆರೋಗ್ಯ ಕಾಯ್ದೆಯ ಪ್ರಕಾರ ಯಾರನ್ನೂ ಸರಪಳಿಯಲ್ಲಿ ಕಟ್ಟುವಂತಿಲ್ಲ. ಮದ್ಯ, ಮಾದಕ ವಸ್ತುಗಳಿಂದ ಬರುವ ತೊಂದರೆಗಳೂ ಆ ಕಾಯ್ದೆಯೊಳಗೆ ಬರುತ್ತವೆ. ಸೇರಿಸುವ ಮೊದಲು ಕೇಳಿ: ನೋಂದಣಿ ಇದೆಯಾ, ಡಾಕ್ಟರ್ ಇದ್ದಾರಾ, ಮನೆಯವರು ಬಂದು ನೋಡಬಹುದಾ? ಒಂದಕ್ಕೆ ಇಲ್ಲ ಎಂದರೂ ಹಿಂದಿರುಗಿ ಬನ್ನಿ, ಎಷ್ಟೇ ಪವಿತ್ರ ಜಾಗ ಆದರೂ.

ಹಾಗೆಯೇ ಊಟದಲ್ಲಿ ಗೊತ್ತಾಗದ ಹಾಗೆ ಬೆರೆಸುವ ಪುಡಿ, ಪ್ರಸಾದದಲ್ಲಿ ಕೊಡುವ ಮಾತ್ರೆ ಯಾವುದೂ ಬೇಡ. ಅವುಗಳಲ್ಲಿ ಡೈಸಲ್ಫಿರಾಮ್ ಇರಬಹುದು. ಅದು ಮೈಯಲ್ಲಿರುವಾಗ ಕುಡಿದರೆ ವಾಂತಿ, ಎದೆಬಡಿತ, ಬಿಪಿ ಕುಸಿತ. ಸಾಯುವ ಸಾಧ್ಯತೆಯೂ ಇದೆ. ತಿಳಿದು ಒಪ್ಪಿ, ಡಾಕ್ಟರ್ ಕೈಯಲ್ಲಿ ತೆಗೆದುಕೊಂಡರೆ ಅದು ಔಷಧ. ಕದ್ದು ಕೊಟ್ಟರೆ ವಿಷ.

ತುಂಗಾತೀರ

ಸರಿ. ಅಮ್ಮ ಹರಕೆಗೆ ಒಪ್ಪಿದ್ದಾರೆ. ಅತ್ತಿಗೆ ಮತ್ತು ನಾನು ಸೋಮವಾರ ಅಣ್ಣನನ್ನು ಜಿಲ್ಲಾ ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತಿದ್ದೇವೆ. ಮಾಲೆ ಈ ವರ್ಷವೂ ಹಾಕಲಿ, ಆದರೆ ಮಾತ್ರೆ ಮುಗಿಸಿ ಡಾಕ್ಟರ್ ಹೂಂ ಅಂದ ಮೇಲೆ. ನಮ್ಮೂರಿನ ಗುರುಸ್ವಾಮಿಗಳ ಬಳಿ ವರ್ಷವಿಡೀ ಭಜನೆಯ ಬಗ್ಗೆ ಮಾತಾಡಿದೆ. ಮೊದಲು ಹಿಂಜರಿದರು, ಆಮೇಲೆ ಗುರುವಾರ ಸಂಜೆ ಮಾಡೋಣ ಎಂದರು.

ಹೆಸರು_ಬೇಡ

ಎರಡು ದಿನದಿಂದ ಓದುತ್ತಿದ್ದೇನೆ. ನಾನೇ ಕುಡಿಯುವವನು. ಮೊದಲು ದಿನಾ ಪೂಜೆ ಮಾಡುತ್ತಿದ್ದೆ. ಮಗಳು ಹೋದ ಮೇಲೆ ದೇವರ ಕೋಣೆಯ ಬಾಗಿಲು ತೆಗೆದಿಲ್ಲ. ಅವನ ಹೆಸರು ಕೇಳಿದರೆ ಸಿಟ್ಟು ಬರುತ್ತದೆ. ನೀವೆಲ್ಲ ಭಜನೆ, ನಮಾಜು, ಹರಕೆ ಅನ್ನುತ್ತೀರಿ. ನನ್ನಂಥವನು ಎಲ್ಲಿಗೆ ಹೋಗಬೇಕು?

ಒಬ್ಬ_ಸದಸ್ಯ_ಬೆಂಗಳೂರು

ಅಣ್ಣಾ, ಸಿಟ್ಟು ಇಟ್ಟುಕೊಂಡೇ ಬನ್ನಿ. ನಮ್ಮ ಗುಂಪಿನಲ್ಲಿ ಮಗನನ್ನು ಕಳೆದುಕೊಂಡವರಿದ್ದಾರೆ. ಪ್ರಾರ್ಥನೆಯ ಹೊತ್ತಿಗೆ ಅವರು ಹೊರಗೆ ನಿಂತು ಆಮೇಲೆ ಒಳಗೆ ಬರುತ್ತಿದ್ದರು. ಯಾರೂ ಏನೂ ಅನ್ನಲಿಲ್ಲ. ಎಎ ಸದಸ್ಯನಾಗಲು ಬೇಕಿರುವುದು ಕುಡಿತ ಬಿಡುವ ಆಸೆ ಒಂದೇ. ದುಡ್ಡಿಲ್ಲ, ನಂಬಿಕೆಯ ಷರತ್ತೂ ಇಲ್ಲ. ನಿಮ್ಮ ಊರು ಯಾವುದೆಂದು ನನಗೆ ಖಾಸಗಿಯಾಗಿ ಬರೆಯಿರಿ. ಹತ್ತಿರದ ಮೀಟಿಂಗ್ ಹುಡುಕಿ ಜೊತೆಗೆ ಕರೆದುಕೊಂಡು ಹೋಗುವವರನ್ನು ಕಳುಹಿಸುತ್ತೇನೆ.

ವಿಚಾರ_ಮಂಡ್ಯ

ನನಗೂ ಬರೆಯಿರಿ. ಯಾವ ಹೊತ್ತಿಗಾದರೂ ಸರಿ. ದೇವರ ಮಾತೇ ಎತ್ತದೆ ಮಾತಾಡೋಣ. ಮಗಳ ಬಗ್ಗೆ ಹೇಳಬೇಕು ಅನ್ನಿಸಿದರೆ ಕೇಳುತ್ತೇನೆ.

ವಾರ್ಡ್_ಸಿಸ್ಟರ್

ನೀವು ಬರೆದದ್ದು ತುಂಬಾ ಒಳ್ಳೆಯದಾಯಿತು. ಇವತ್ತು ರಾತ್ರಿ ಒಬ್ಬರೇ ಇರಬೇಡಿ. ಹೆಂಡತಿಯೋ ತಮ್ಮನೋ, ಯಾರಾದರೂ ಜೊತೆಗಿರಲಿ. ಸಾಯಬೇಕು ಎಂಬ ಯೋಚನೆ ಬಂದಿದ್ದರೆ ಈಗಲೇ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ದಿನದ 24 ಗಂಟೆಯೂ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲಿ ಮಾತಾಡುತ್ತಾರೆ. ನಮ್ಮ ಮಾತು ಕೇಳಿ ಇವತ್ತೇ ಒಮ್ಮೆಲೇ ನಿಲ್ಲಿಸಲು ಹೋಗಬೇಡಿ. ದಿನಕ್ಕೆ ಎಷ್ಟು ಕುಡಿಯುತ್ತೀರಿ, ಕೊನೆಯ ಸಲ ಯಾವಾಗ ಕುಡಿದಿರಿ, ಹಿಂದೆ ಯಾವಾಗಲಾದರೂ ಫಿಟ್ಸ್ ಬಂದಿತ್ತಾ? ಈ ಮೂರಕ್ಕೆ ಮೊದಲು ಉತ್ತರ ಬರೆಯಿರಿ. ನಾನು ಆನ್‌ಲೈನ್‌ನಲ್ಲೇ ಇದ್ದೇನೆ.